ಕರಜಗಿಯ ಕೌಲುದಾರ

ಕಲಬುರ್ಗಿ
೨೨ ಸೆಪ್ಟೆಂಬರ್ ೧೯೪೬

ತೀರ್ಥರೂಪ ಅಪ್ಪಾಜಿಯವರ ಪಾದಕ್ಕೆ ಗೌರಾಬಾಯಿಯ ಶರಣಾರ್ಥಿಗಳು.

ಆರು ತಿಂಗಳ ಪರೀಕ್ಷೆಯ ಫಲಿತಾಂಶ ನಿನ್ನೆ ಬಂತು. ಮೆಟ್ರಿಕ್ ತರಗತಿಯ ಇಪ್ಪತ್ತೊಂದು ಹುಡುಗಿಯರಲ್ಲಿ ನಾನು ಮೊದಲನೆಯವಳು. ಗಣಿತ, ಕನ್ನಡ, ಇಂಗ್ಲಿಷುಗಳಲ್ಲಿ ಮೊದಲು ಬರುವುದು ನನಗೆ ರೂಢಿಯಾಗಿದೆ. ಈ ಸಲ ಉರ್ದುವಿನಲ್ಲಿಯೂ ನಾನೇ ಮೊದಲು. ನನ್ನ ಕೋಣೆಯ ಮುಮತಾಜ, ಆಳಂದದ ವಕೀಲರ ಮಗಳು, ಎರಡನೆಯವಳಾದಳು. "ನನ್ನ ಮನಿಮಾತೂ ಕಸ್ಕೊಂಡಿ ಬೇ, ಇನ್ನ ನನಗೇನ್ ಉಳಿಸಿದಿ?" ಎಂದು ಊಟದ ಹೊತ್ತಿನಲ್ಲಿ ಎಲ್ಲರ ಎದುರಿಗೆ ಕೇಳಿದಳು. ಅವಳಿಗೆ ಕೊಡಬೇಕಾದ ಉತ್ತರವನ್ನು ನಾನು ಉತ್ತರಪತ್ರಿಕೆಯಲ್ಲಿ ಕೊಟ್ಟಾಗಿತ್ತು.

ಆದರೂ ಈ ವಾರ ವಸತಿಗೃಹದಲ್ಲಿ ನನ್ನ ತಲೆಯನ್ನು ಹೆಚ್ಚು ಎತ್ತರಕ್ಕೆ ಎತ್ತಿದ್ದು ತಮ್ಮ ಪತ್ರ. ಹೈದರಾಬಾದಿನ ಹೊಸ ಶಾಸನಸಭೆಯ ಚುನಾವಣೆಯನ್ನು ಕಾಂಗ್ರೆಸ್ಸಿನವರು ಬಹಿಷ್ಕರಿಸಿದ್ದಾರೆ. ತಾವೂ ಅದನ್ನು ಮುಟ್ಟುವುದಿಲ್ಲವೆಂದು ಅಫಜಲಪುರದ ಪೇಟೆಯಲ್ಲಿ ನಿಂತು ಸಾರಿದಿರಿ. "ಊಟ ಒಳಗ ಮುಚ್ಚಿಟ್ಟು ನಮಗ ಬರೇ ತಾಟ ತೋರಸಾಕತ್ತಾರ. ನಾ ಆ ಪಂಕ್ತಿಗಿ ಕೂಡಾಂವಲ್ಲ" ಎಂದ ತಮ್ಮ ಮಾತನ್ನು ನಾನು ಗಟ್ಟಿಯಾಗಿ ಓದಿ ಹೇಳಿದೆ. ಸ್ವಂತ ಹೊಲವಿರುವ ಪಟ್ಟೇದಾರರು ಪಟ್ಟೇದಾರನನ್ನು, ಕೌಲಿಗೆ ಉಳುವವರು ಕೌಲುದಾರನನ್ನು, ವಕೀಲರು ವಕೀಲನನ್ನು ಆರಿಸಬೇಕಂತೆ. ಹೀಗೆ ಕಸುಬು ನೋಡಿ ಮಂದಿಯನ್ನು ಬೇರೆ ಬೇರೆ ದೊಡ್ಡಿಗೆ ಹೊಡೆಯುವ, ಆರಿಸಿ ಬಂದವರ ಕೈಗೆ ಏನನ್ನೂ ಕೊಡದ ಆ ಸಭೆಯಲ್ಲಿ ಕುಳಿತುಕೊಳ್ಳಲು ಹಾತೊರೆಯುವವರನ್ನು ಕುರಿತು ನನಗಿರುವ ಅಭಿಪ್ರಾಯವನ್ನು ತಾವು ನನಗಿಂತ ಚೆನ್ನಾಗಿ ಹೇಳಿದ್ದೀರಿ. ಅಂಥ ತಂದೆಯ ಮಗಳೆಂಬ ಹೆಸರನ್ನು ಯಾವ ಪರೀಕ್ಷೆಯೂ ದೊರಕಿಸಿಕೊಡಲಾರದು.

ಅವ್ವನಿಗೆ ನನ್ನ ನಮಸ್ಕಾರ ತಿಳಿಸಬೇಕು.

ತಮ್ಮ ಹೆಮ್ಮೆಯ ಮಗಳು
ಗೌರಾಬಾಯಿ


ಕರಜಗಿ, ತಾಲೂಕು ಅಫಜಲಪುರ
೧೪ ಅಕ್ಟೋಬರ್ ೧೯೪೬

ಚಿರಂಜೀವಿ ಗೌರಾಗೆ ಅಪ್ಪನ ಆಶೀರ್ವಾದ.

ನೀನು ಮೊದಲ ನಂಬರಿಗೆ ಬಂದದ್ದು ಕೇಳಿ ನಿಮ್ಮ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಈಗ ನಾನು ಬರೆಯುವುದನ್ನು ಪೂರಾ ಓದಿ, ಸಿಟ್ಟಾಗುವುದಿದ್ದರೆ ಆಮೇಲೆ ಆಗು.

ನಾನು ಚುನಾವಣೆಗೆ ನಿಲ್ಲುತ್ತಿದ್ದೇನೆ. ಬಹಿಷ್ಕಾರವೆಂದು ಮನೆಯಲ್ಲಿ ಕೂತರೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಿಂದ ಯಾವನೋ ನಾಲಾಯಖ ಹೋಗಿ ಕೂಡುತ್ತಾನೆ. ಬಹಿಷ್ಕಾರ ಹಾಕುವುದಿದ್ದರೆ ಒಳಗೆ ಹೋಗಿಯೂ ಹಾಕಬಹುದು.

ತೊಡಕು ಒಂದೇ. ಪಟ್ಟೇದಾರರ ಜಾಗಕ್ಕೆ ಆಳಂದ ಕಡೆಯ ದೊಡ್ಡ ಕುಳವೊಂದು ನಿಂತಿದೆ. ಅವರ ಎದುರಿಗೆ ನಿಂತರೆ ನಮ್ಮ ಬೀಗರೇ ನನಗೆ ವೋಟು ಹಾಕುವುದಿಲ್ಲ. ಕೌಲುದಾರರ ಜಾಗಕ್ಕೆ ಹೇಳಿಕೊಳ್ಳುವಂಥವರು ಯಾರೂ ಇಲ್ಲ. ಆದರೆ ಅದಕ್ಕೆ ನಿಲ್ಲಬೇಕಾದರೆ ನಾನು ಕೌಲುದಾರನಾಗಬೇಕು, ಇನ್ನೊಬ್ಬರ ಹೊಲವನ್ನು ಗುತ್ತಿಗೆ ಹಿಡಿದು ಉಳುವವನಾಗಬೇಕು. ಎಷ್ಟು ಹೊಲ, ಯಾರದು ಎಂದು ಯಾರೂ ಕೇಳುವುದಿಲ್ಲವೆಂದು ನಮ್ಮ ವಕೀಲರು ಹೇಳಿದ್ದಾರೆ. ಹೊಳೆದಂಡೆಯ ನಮ್ಮ ಎಂಟು ಎಕರೆಯನ್ನು ದೇವೀಂದ್ರಪ್ಪನ ಹೆಸರಿಗೆ ದಾನಪತ್ರ ಮಾಡಿ, ಅದೇ ದಿನ ಅದನ್ನು ಅವನಿಂದ ಕೌಲಿಗೆ ಹಿಡಿದಂತೆ ಇನ್ನೊಂದು ಪತ್ರ ಮಾಡಿದರೆ ಕೆಲಸ ಮುಗಿಯಿತು.

ದೇವೀಂದ್ರಪ್ಪನೇ ಯಾಕೆ ಎನ್ನುತ್ತೀಯೇನು. ನಮ್ಮ ಭಾವ ಮೈದುನರ ಹೆಸರಿಗೆ ಬರೆದರೆ ಹೊಲ ತಿರುಗಿ ಬರುವುದಿಲ್ಲ. ನಮ್ಮ ಮಂದಿ ಎಂಥವರೆಂದು ನನಗೆ ಗೊತ್ತು. ಇವನು ಮೂವತ್ತು ವರ್ಷ ನಮ್ಮ ಎತ್ತು ಹೊಡೆದ ಕೇರಿಯ ಆಳು, ಒಂದು ದಿನ ಎದುರು ಮಾತಾಡಿದವನಲ್ಲ. ಕರೆದು ಹೇಳಿದೆ. "ನನ್ನ ಹೆಸರಲೇ ಹೊಲಾ? ಬ್ಯಾಡ್ರಿ ಧಣ್ಯಾರ, ಮಂದಿ ನಗತಾರ" ಎಂದ. "ಬರೇ ಕಾಗದಾ ಲೇ" ಎಂದೆ. "ಹಂಗಾದ್ರ ಆಗ್ಲ್ರಿ" ಎಂದ.

ಅಫಜಲಪುರದ ಅರ್ಜಿ ಬರೆಯುವವನ ಕೈಗೆ ಕೊಟ್ಟರೆ ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ. ನನಗೆ ಉರ್ದು ಮಾತಾಡಲು ಬರುತ್ತದೆ, ಬರೆಯಲು ಬಾರದು. ಎರಡೂ ಪತ್ರ ನೀನೇ ಬರೆದು ಕಳುಹಿಸು. ತಹಶೀಲದಾರ ಓದಿದರೆ ಎದ್ದು ಕೂಡಬೇಕು, ಅಂಥ ಉರ್ದು ಇರಲಿ. ಚುನಾವಣೆಯ ಯಾದಿಗೆ ಹೆಸರು ಸೇರಿಸಲು ಹತ್ತೇ ದಿನ ಉಳಿದಿವೆ.

ನಿನ್ನ ಅಪ್ಪ
ದೌಲತರಾಯ


ಕಲಬುರ್ಗಿ
೧೯ ಅಕ್ಟೋಬರ್ ೧೯೪೬

ತೀರ್ಥರೂಪರಿಗೆ ಶರಣಾರ್ಥಿಗಳು.

ಸೆಪ್ಟೆಂಬರಿನ ಪತ್ರವನ್ನೂ ಅಕ್ಟೋಬರಿನ ಪತ್ರವನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದೆ. ಅಕ್ಷರ ಒಬ್ಬರದೇ. ಅಷ್ಟಲ್ಲದೆ ಅವೆರಡರಲ್ಲಿ ಸಮಾನವಾದದ್ದೇನೂ ನನಗೆ ಸಿಗಲಿಲ್ಲ. ಪಂಕ್ತಿಗೆ ಕೂಡುವುದಿಲ್ಲವೆಂದವರು ಮೂರೇ ವಾರಗಳಲ್ಲಿ ಪಂಕ್ತಿಯಲ್ಲಿ ಜಾಗ ಹಿಡಿಯಲು ಬೇರೊಬ್ಬರ ವೇಷ ತೊಟ್ಟು ಹೊರಟಿದ್ದೀರಿ. ವಸತಿಗೃಹದಲ್ಲಿ ತಮ್ಮ ಹಿಂದಿನ ಪತ್ರವನ್ನು ಓದಿದ್ದು ನಾನು. ಈ ಪತ್ರವನ್ನು ಅಡಗಿಸಿಡುವವಳೂ ನಾನೇ ಆಗಬೇಕಾಗಿದೆ.

ಎರಡೂ ಪತ್ರಗಳು ಇದರೊಂದಿಗಿವೆ. ಯಾಕೆ ಬರೆದೆನೆಂದು ತಾವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಬರೆಯಬಾರದೆಂದು ಒಂದು ದಿನ ಪೂರ್ತಿ ಕುಳಿತಿದ್ದೆ. ಮರುದಿನ, ತಹಶೀಲದಾರರು ಎದ್ದು ಕೂಡುವಂಥ ಉರ್ದು ನನ್ನಿಂದ ಆಗುತ್ತದೆಯೋ ಇಲ್ಲವೋ ನೋಡೋಣವೆನ್ನಿಸಿತು. ಮಗಳನ್ನು ಎಲ್ಲಿ ಹಿಡಿದರೆ ಬಗ್ಗುತ್ತಾಳೆಂಬುದು ತಮಗೆ ಗೊತ್ತಿದೆ.

ಒಂದು ಮಾತು ಸ್ಪಷ್ಟವಾಗಿರಲಿ. ಹೊಲವನ್ನು ತಿರುಗಿ ಪಡೆಯುವ ಶರತ್ತನ್ನು ನಾನು ಎಲ್ಲಿಯೂ ಸೇರಿಸಿಲ್ಲ. ಸೇರಿಸಿದರೆ ದಾನ ದಾನವಾಗುವುದಿಲ್ಲ. ದಾನವಾಗದಿದ್ದರೆ ದೇವೀಂದ್ರಪ್ಪ ಮಾಲಕನಾಗುವುದಿಲ್ಲ. ಅವನು ಮಾಲಕನಾಗದಿದ್ದರೆ ತಾವು ಕೌಲುದಾರರಾಗುವುದಿಲ್ಲ. ತಮಗೆ ಇದು ಬರೇ ಕಾಗದ. ನಾನು ಬರೆದ ಕಾಗದದಲ್ಲಿ ಸುಳ್ಳಿರುವುದು ನನಗೆ ಒಗ್ಗುವುದಿಲ್ಲವಾದ್ದರಿಂದ, ತಾವು ಆಡುತ್ತಿರುವ ಸುಳ್ಳನ್ನು ನಾನು ನಿಜವಾಗಿಯೇ ಬರೆದಿದ್ದೇನೆ.

ಗೌರಾಬಾಯಿ


ಕರಜಗಿ
೨೪ ನವೆಂಬರ್ ೧೯೪೬

ಚಿರಂಜೀವಿ ಗೌರಾಗೆ ಆಶೀರ್ವಾದ.

ನಿನ್ನ ಉರ್ದುವಿಗೆ ತಹಶೀಲದಾರರು ತಲೆದೂಗಿದರು. ಯಾರು ಬರೆದದ್ದೆಂದು ಕೇಳಿದರು. ಹೇಳಲಿಲ್ಲ. ಪತ್ರಗಳು ದಾಖಲಾದವು, ನನ್ನ ಹೆಸರು ಕೌಲುದಾರರ ಯಾದಿಯಲ್ಲಿ ಬಂತು.

ಪ್ರಚಾರ ಹುರುಪಿನಿಂದ ನಡೆದಿದೆ. ಜರದ ರುಮಾಲು ತೆಗೆದು ಬಿಳಿ ಅರಿವೆ ಸುತ್ತಿದ್ದೇನೆ. ಹೋದಲ್ಲೆಲ್ಲ ದೇವೀಂದ್ರಪ್ಪನನ್ನು ಕರೆದೊಯ್ಯುತ್ತೇನೆ. "ನೋಡ್ರಪಾ, ಇಂವ ನನ್ನ ಹೊಲದ ಮಾಲಕ, ನಾ ಇವನ ಕೌಲುದಾರ. ನಿಮ್ಮ ಕಷ್ಟ ನನಗ ಗೊತ್ತಿಲ್ಲಂದ್ರ ಮತ್ಯಾರಿಗಿ ಗೊತ್ತು?" ಎಂದರೆ ಚಪ್ಪಾಳೆ ನಿಲ್ಲುವುದೇ ಇಲ್ಲ. ಮೊನ್ನೆ ಜೇವರ್ಗಿಯಲ್ಲಿ ಒಬ್ಬ ಮುದುಕ ಎದ್ದು, "ಹಂಗಾದ್ರ ಮಾಲಕ ಯಾಕ ನಿಂತಾನ, ಕೌಲುದಾರ ಯಾಕ ಕುರ್ಚಿ ಮ್ಯಾಲ ಕುಂತಾನ್ರಿ?" ಎಂದ. ಮಂದಿ ಹೋ ಎಂದು ನಕ್ಕರು. ನಾನೂ ನಕ್ಕು ಎದ್ದು ದೇವೀಂದ್ರಪ್ಪನಿಗೆ ಕುರ್ಚಿ ಕೊಟ್ಟೆ. ಅವನು ಕೂಡಲೊಲ್ಲ. ನಾನು ಮತ್ತೆ ಕೂಡುವಂತಿಲ್ಲ. ಸಭೆ ಮುಗಿಯುವ ತನಕ ಇಬ್ಬರೂ ನಿಂತೆವು, ಕುರ್ಚಿ ನಡುವೆ ಖಾಲಿ.

ಹೊಲದ ಬಗ್ಗೆ ನಿಮ್ಮ ಅವ್ವನಿಗೆ ಗಾಬರಿ, ನಿನಗೂ ಇರಬಹುದು. ಕೌಲುದಾರರನ್ನು ಯಾರೂ ಹೊಲ ಬಿಡಿಸದಂತೆ ಮಾಡುತ್ತೇನೆಂದು ನಾನು ಹೇಳುವುದು ಸಭೆಗಳಲ್ಲಿ. ಆಳಂದದ ಪಟ್ಟೇದಾರರ ಮನೆಯಲ್ಲಿ ಚಹಾ ಕುಡಿಯುವಾಗ ಹೇಳಿದ್ದು ಬೇರೆ: "ಕೌಲುದಾರನ್ನ ಬಿಡಸೂ ಹಕ್ಕ ಮಾಲಕಂದು. ಅದನ್ನ ಕಾಯಾಕ ನಾ ಆ ಕುರ್ಚಿ ಮ್ಯಾಲ ಕುಂಡ್ರಾಕತ್ತೇನಿ." ಅವರಿಗೆ ಬಹಳ ಸಮಾಧಾನವಾಯಿತು.

ಎಳ್ಳಮಾಸಿ ಹಬ್ಬಕ್ಕೆ ತಪ್ಪದೆ ಬಾ. ಹೊಳೆದಂಡೆ ಹೊಲದಲ್ಲಿ ಮೂರೂ ತಾಲೂಕಿನ ಕೌಲುದಾರರಿಗೆ ಊಟ ಇಟ್ಟಿದ್ದೇನೆ. ನೀನು ನೋಡಬೇಕು.

ನಿನ್ನ ಅಪ್ಪ
ದೌಲತರಾಯ


ಕಲಬುರ್ಗಿ
೧ ಡಿಸೆಂಬರ್ ೧೯೪೬

ತೀರ್ಥರೂಪರಿಗೆ.

ತಾವು ಬರೆಯದೆ ಬಿಟ್ಟದ್ದನ್ನು ನನ್ನ ತರಗತಿಯವರು ಪೂರೈಸಿದ್ದಾರೆ. ಖಜೂರಿಯ ಸಭೆಯಲ್ಲಿ ಮುಮತಾಜಳ ತಂದೆ ಇದ್ದರು. ಅಲ್ಲಿ ತಾವು ಮರಾಠಿಯಲ್ಲಿ ಮಾತಾಡಿ, ಗಡಿಯ ಹಳ್ಳಿಗಳಿಗೆಲ್ಲ ಮರಾಠಿ ಶಾಲೆ ಕೊಡಿಸುತ್ತೇನೆಂದಿರಿ. ನಾಲ್ಕು ದಿನದ ಮೇಲೆ ಅಂದೋಲಾದಲ್ಲಿ, ಕನ್ನಡವಲ್ಲದ ಅಕ್ಷರವನ್ನು ಈ ಮೂರು ತಾಲೂಕುಗಳಲ್ಲಿ ಕಾಲಿಡಗೊಡುವುದಿಲ್ಲವೆಂದು ಎದೆ ತಟ್ಟಿಕೊಂಡಿರಿ. ಅಲ್ಲಿ ತಮಗೆ ಮಾಲೆ ಹಾಕಿದವನು ನಮ್ಮ ತರಗತಿಯ ಹುಡುಗಿಯೊಬ್ಬಳ ಅಣ್ಣ. ಅಫಜಲಪುರದಲ್ಲಿ ತಹಶೀಲದಾರರು ಮುಂದಿನ ಸಾಲಿನಲ್ಲಿ ಕುಳಿತದ್ದನ್ನು ಕಂಡು, ಮಕ್ಕಳಿಗೆ ಅನ್ನ ಕೊಡುವ ಭಾಷೆ ಉರ್ದು ಒಂದೇ ಎಂದಿರಿ, ಮತ್ತು ಅದಕ್ಕೆ ಸಾಕ್ಷಿಯಾಗಿ ನನ್ನ ಅಂಕಗಳನ್ನು ಓದಿ ಹೇಳಿದಿರಿ.

ಹೊಲವನ್ನು ಕುರಿತು ತಾವು ಹೇಳಿದ ಎರಡು ಮಾತುಗಳನ್ನು ತಾವೇ ಬರೆದು ತಿಳಿಸಿದ್ದೀರಿ. ಮಗಳ ಗಾಬರಿಯನ್ನು ಕಳೆಯಲು ತಾವು ಆರಿಸಿಕೊಂಡ ಸಮಾಧಾನ ಅದು! ಅಪ್ಪ ಕೌಲುದಾರರಿಗೆ ಮೋಸ ಮಾಡುತ್ತಿದ್ದಾನೆ, ನಮಗಲ್ಲ ಎಂದು ತಿಳಿದು ನಾನು ನಿಶ್ಚಿಂತೆಯಿಂದ ಓದಬೇಕು.

ಸುಳ್ಳು ಹೇಳುವವನಲ್ಲಿ ಅವನು ಮುಚ್ಚಿಡುತ್ತಿರುವ ನಿಜವೊಂದಾದರೂ ಇರುತ್ತದೆ. ತಮ್ಮ ಮೂರು ಭಾಷಣಗಳ ಕೆಳಗೆ ಅದನ್ನು ಹುಡುಕಿದೆ. ತಮಗೆ ಮರಾಠಿ ಬೇಕಿಲ್ಲ, ಕನ್ನಡ ಬೇಕಿಲ್ಲ, ಉರ್ದುವೂ ಬೇಕಿಲ್ಲ. ಎದುರಿಗೆ ಕುಳಿತವರ ಮುಖ ನೋಡಿ ನಾಲಗೆ ತಾನಾಗಿ ಹೊರಳುತ್ತದೆ, ಹಿಂದಿನಿಂದ ತಾವು ನಡೆದುಬರುತ್ತೀರಿ.

ಮುಮತಾಜ ಅಂದ ಮಾತನ್ನೂ ಬರೆಯುತ್ತೇನೆ. "ನಿಮ್ಮಪ್ಪಾಜಿ ಮೂರು ಭಾಷಾದಾಗ ಸುಳ್ಳ ಹೇಳ್ಯಾರ, ನೀ ಮೂರು ಭಾಷಾದಾಗ ಫಸ್ಟ್ ಬಂದಿ. ಮನಿತನದ ಗುಣ ಬೇ!" ಹುಡುಗಿಯರು ತಾಟು ಬಡಿದು ನಕ್ಕರು. ನಾನು ಅರ್ಧ ಊಟಕ್ಕೆ ತಾಟು ಎತ್ತಿಕೊಂಡು ಎದ್ದುಹೋದೆ.

ಎಳ್ಳಮಾಸಿಗೆ ಬರುತ್ತೇನೆ. ಅವ್ವನನ್ನು ನೋಡಲು ಬರುತ್ತೇನೆ.

ಗೌರಾಬಾಯಿ


ಕರಜಗಿ
೨೪ ಡಿಸೆಂಬರ್ ೧೯೪೬

ತೀರ್ಥರೂಪರಿಗೆ, ಜೇವರ್ಗಿಯ ಬಿಡಾರಕ್ಕೆ.

ನಿನ್ನೆ ಎಳ್ಳಮಾಸಿಯ ಊಟ ಮುಗಿಯುತ್ತಲೇ ತಾವು ಬಂಡಿ ಹೂಡಿಸಿಕೊಂಡು ಜೇವರ್ಗಿಗೆ ಹೊರಟುಹೋದಿರಿ. ಹೊರಡುವ ಮುನ್ನ ಅವ್ವನಿಗೆ ಒಂದು ಕೆಲಸ ಹೇಳಿಹೋದಿರಿ. ಅದು ಆಗಲಿಲ್ಲವೆಂದು ತಿಳಿಸಲು ಈ ಪತ್ರ. ಯಾಕೆ ಆಗಲಿಲ್ಲವೆಂಬುದನ್ನು ಬರೆಯದೆ ಇರಲಾರೆ.

ಹೊಲಕ್ಕೆ ಚರಗ ಚೆಲ್ಲುವುದು, ಮನೆಯಿಂದ ಒಯ್ದ ಸಜ್ಜೆರೊಟ್ಟಿ ಭಜ್ಜಿ ಕಡುಬುಗಳನ್ನು ಕಲೆಸಿ ಬೆಳೆಯ ಸುತ್ತಲೂ ಭೂಮಿಗೆ ಉಣಿಸುವುದು, ಹೊಲದೊಡೆಯನ ಕೈಯಿಂದ ಆಗಬೇಕು. ನಮ್ಮ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಇದು ಗೊತ್ತು. ತಾವು ಆ ಕೈಯನ್ನು ದೇವೀಂದ್ರಪ್ಪನದಾಗಿಸಿದಿರಿ. ಮೂರು ತಾಲೂಕಿನ ನೂರಾರು ಕೌಲುದಾರರು ಬದುವಿನ ಮೇಲೆ ನಿಂತಿದ್ದರು. ದೇವೀಂದ್ರಪ್ಪ ಮುಂದೆ ಚರಗ ಚೆಲ್ಲುತ್ತ ನಡೆದ, ಅವನ ಹೆಂಡತಿ ಮಲ್ಕಮ್ಮ ಹಿಂದೆ ನೀರು ಚಿಮುಕಿಸುತ್ತ ನಡೆದಳು, ಅವರಿಬ್ಬರ ಹಿಂದೆ ತಾವು ಬುಟ್ಟಿಯನ್ನು ತಲೆಯ ಮೇಲೆ ಓರೆಯಾಗಿ ಹೊತ್ತು ನಡೆದಿರಿ. "ಗೌಡ್ರ, ಬುಟ್ಟಿ ವಾರಿ ಆತ್ರಿ, ರೂಢಿ ಇಲ್ಲೇನು?" ಎಂದು ಖಜೂರಿಯವನೊಬ್ಬ ಕೂಗಿದಾಗ, "ಮಾಲಕ ಕಲಿಸಾಕತ್ತಾನೋ!" ಎಂದು ತಾವು ತಿರುಗಿ ಕೂಗಿದಿರಿ. ಎಂಥ ನಗೆ ಎದ್ದಿತು! ಅಷ್ಟು ಜನರಲ್ಲಿ ನಗದೆ ಇದ್ದವರು ದೇವೀಂದ್ರಪ್ಪ, ಮಲ್ಕಮ್ಮ, ಅವ್ವ ಮತ್ತು ನಾನು.

ಮೊದಲನೆಯ ಮೂಲೆ ತಿರುಗುವ ತನಕ ದೇವೀಂದ್ರಪ್ಪ ಹೊರಳಿ ಹೊರಳಿ ತಮ್ಮನ್ನೇ ನೋಡುತ್ತಿದ್ದ. ಆಮೇಲೆ ಜೋಳದ ಸಾಲಿನೊಳಗಿಂದ ಚರಗದ ಕೂಗು ಹಾಕುವ ಅವನ ದನಿ ಕೇಳಿತು. ನಾನು ಹುಟ್ಟಿದಾಗಿನಿಂದ ಕೇಳುತ್ತಿರುವ ಮನುಷ್ಯನ ದನಿ ಅದೆಂದು ನನಗೆ ಗುರುತು ಹತ್ತಲಿಲ್ಲ.

ಮಂದಿ ಚದುರಿದ ಮೇಲೆ ಅವ್ವ ಬಂಡಿಯಿಂದ ಇನ್ನೊಂದು ಬುಟ್ಟಿ ಇಳಿಸಿದಳು. ನಾಟಕ ಮುಗಿದ ಮೇಲೆ ನಮ್ಮ ಕೈಯಿಂದ ಖರೇ ಚರಗ ಚೆಲ್ಲಿ ಬರಬೇಕೆಂದು ತಾವು ಹೇಳಿಹೋದದ್ದು ಆಗ ನನಗೆ ತಿಳಿಯಿತು. ಪಾತ್ರೆ ತೊಳೆಯುತ್ತಿದ್ದ ಮಲ್ಕಮ್ಮ ಬುಟ್ಟಿಯನ್ನು ನೋಡಿ ಎದ್ದು ಬಂದಳು.

"ಅದೇನ್ರಿ ಅವ್ವಾರ?"

"ಏನಿಲ್ಲ. ಒಂದ ಸುತ್ತ ಹಾಕಿ ಬರ್ತೇವಿ" ಎಂದಳು ಅವ್ವ.

"ಒಂದ ಹೊಲಕ್ಕ ಎರಡ ಸಲ ಚರಗಾ ಚೆಲ್ತಾರೇನ್ರಿ? ಭೂಮಿತಾಯಿ ಉಂಡಾಳ್ರಿ. ನನ್ನ ಗಂಡ ಉಣಿಸ್ಯಾನ."

"ಅದು ಮಂದೀಗಿ ತೋರಸಾಕ ಮಲ್ಕಿ."

"ಮಂದೀಗಿ ತೋರಸಾಕಿದ್ರ ಕೈ ಮಾಡಿ ತೋರಸ್ತಿದ್ವಿ. ಅನ್ನಾ ಮಣ್ಣಾಗ ಬಿದ್ದೈತಲ್ರಿ. ಅದನ್ನ ಹ್ಯಾಂಗ ಆರಿಸಿ ತಗೀತೀರಿ?"

ಅವ್ವ ಬುಟ್ಟಿಯ ಮೇಲಿನ ಅರಿವೆ ಸರಿಸಿ ನೋಡಿ ಮತ್ತೆ ಮುಚ್ಚಿದಳು. ಕಡೆಗೆ ಬುಟ್ಟಿಯನ್ನು ಬಂಡಿಯಲ್ಲಿಟ್ಟು, "ನಡಿ ಗೌರಾ, ಬಿಸಲಾತು" ಎಂದಳು. ಮನೆಗೆ ಬಂದು ಅದನ್ನು ದನಗಳಿಗೆ ಹಾಕಿದಳು.

ತಾವು ಜೇವರ್ಗಿಯಲ್ಲಿ ಇವತ್ತು ಯಾರ ಮಾಲಕರು, ಯಾರ ಕೌಲುದಾರರು ಎಂಬುದನ್ನು ತಿಳಿಯದ ಕಾರಣ, ಯಾವ ಬಿರುದಿನಿಂದ ತಮಗೆ ವಿದಾಯ ಹೇಳಬೇಕೆಂದು ತೋಚದು.

ಗೌರಾಬಾಯಿ


ಕರಜಗಿ
೨ ಫೆಬ್ರುವರಿ ೧೯೪೭

ಗೌರಾಗೆ ಆಶೀರ್ವಾದ.

ಗೆದ್ದೆ. ನೀನು ಅಭಿನಂದನೆಯ ಒಂದು ಸಾಲು ಬರೆಯಲಿಲ್ಲ. ಇರಲಿ, ಹೈದರಾಬಾದಿನಿಂದ ಬರೆದವರು ಬಹಳ ಮಂದಿ ಇದ್ದಾರೆ. ಮೊನ್ನೆ ಪಟ್ಟೇದಾರರೆಲ್ಲ ಸೇರಿ ಔತಣ ಕೊಟ್ಟರು. ಜರದ ರುಮಾಲು ಸುತ್ತಿಕೊಂಡು ಹೋಗಿದ್ದೆ. ಇನ್ನು ಆ ಕೌಲುದಾರರ ಗದ್ದಲ ಸಾಕು.

ಈಗ ಹೊಲದ ಮಾತು. ಹೊಳೆದಂಡೆಯ ಜೋಳ ಕೊಯ್ಲಿಗೆ ಬಂದಿದೆ. ಆಳುಗಳನ್ನು ಕರೆದರೆ ಒಬ್ಬನೂ ಕುಡುಗೋಲು ಹಿಡಿಯುವುದಿಲ್ಲ. "ದೇವೀಂದ್ರಪ್ಪನ್ನ ಒಂದ ಮಾತ ಕೇಳಿ ಬರ್ತೇವ್ರಿ ಗೌಡ್ರ. ಚರಗಾ ಅಂವ ಚೆಲ್ಯಾನ" ಎನ್ನುತ್ತಾರೆ. ನನ್ನ ಹೊಲದಲ್ಲಿ ಕೊಯ್ಯಲು ನನ್ನ ಆಳಿನ ಅಪ್ಪಣೆ ಬೇಕಂತೆ! ದೇವೀಂದ್ರಪ್ಪ ಏನೂ ಹೇಳುವುದಿಲ್ಲ, ಕೊಯ್ಯಿರಿ ಎಂದೂ ಹೇಳುವುದಿಲ್ಲ. ನೆಲ ನೋಡುತ್ತ ನಿಲ್ಲುತ್ತಾನೆ.

ಇದರೊಳಗೆ ಒಂದು ಛಾಪಾ ಕಾಗದ ಇಟ್ಟಿದ್ದೇನೆ. ಕೆಳಗೆ ದೇವೀಂದ್ರಪ್ಪನ ಹೆಬ್ಬಟ್ಟು ಇದೆ. ಚುನಾವಣೆಯ ಗಡಿಬಿಡಿಯಲ್ಲಿ ಒತ್ತಿಸಿಟ್ಟುಕೊಂಡದ್ದು. ಮೇಲೆ ಖಾಲಿ ಇದೆ. ಹೊಲವನ್ನು ತನ್ನ ಖುಷಿಯಿಂದ ದೌಲತರಾಯರಿಗೆ ಮರಳಿ ಕೊಟ್ಟಿದ್ದೇನೆಂದು ಅವನು ಹೇಳಿದಂತೆ ಉರ್ದುವಿನಲ್ಲಿ ಬರೆದು ಕಳುಹಿಸು. ಮೊದಲಿನ ಪತ್ರಗಳ ಅಕ್ಷರವೇ ಇದರಲ್ಲಿಯೂ ಇದ್ದರೆ ಯಾರಿಗೂ ಸಂಶಯ ಬರುವುದಿಲ್ಲ. ಎರಡು ವಾರದೊಳಗೆ ಬರದಿದ್ದರೆ ಬಂಡಿ ಕಲಬುರ್ಗಿಗೆ ಬರುತ್ತದೆ, ನಿನ್ನ ಪೆಟ್ಟಿಗೆ ಹೇರಿಕೊಂಡು ಮನೆಗೆ ತರುತ್ತದೆ. ಮೆಟ್ರಿಕ್ ಆಗದ ಹೆಣ್ಣುಮಕ್ಕಳಿಗೂ ಗಂಡು ಸಿಗುತ್ತವೆ.

ನಾನು ನಾಳೆ ಮತ್ತೆ ಹೈದರಾಬಾದಿಗೆ ಹೋಗುವವನಿದ್ದೇನೆ. ಕಾಗದವನ್ನು ಅಲ್ಲಿಗೇ ಕಳುಹಿಸು.

ದೌಲತರಾಯ


ಕಲಬುರ್ಗಿ
೧೬ ಫೆಬ್ರುವರಿ ೧೯೪೭

ಶ್ರೀಮಾನ್ ದೌಲತರಾಯರಿಗೆ, ಕೌಲುದಾರರ ಪ್ರತಿನಿಧಿಗಳಿಗೆ.

ತಮ್ಮ ಅಪ್ಪಣೆಯಂತೆ ಛಾಪಾ ಕಾಗದವನ್ನು ತುಂಬಿದ್ದೇನೆ. ಅಕ್ಷರ ಮೊದಲಿನದೇ. ಹೆಬ್ಬಟ್ಟಿನ ಯಜಮಾನನನ್ನು ಕೇಳದೆ ಅವನ ಬಾಯಲ್ಲಿ ಮಾತು ಇಡಲು ನನಗೆ ಸಾಧ್ಯವಾಗಲಿಲ್ಲವಾದ್ದರಿಂದ ಮೊನ್ನೆ ಕರಜಗಿಗೆ ಹೋಗಿಬಂದೆ. ತಾವು ಹೈದರಾಬಾದಿನಲ್ಲಿದ್ದಿರಿ.

ಕೇರಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಕಾಗದವನ್ನು ತೋರಿಸಿ, ಇದರ ಮೇಲೆ ಏನು ಬರೆದರೂ ನೀನು ಹೇಳಿದಂತೆಯೇ ಆಗುತ್ತದೆ ಎಂದೆ.

"ಯಾದ್ಯಾಗ ಹೆಸರ ಹಚ್ಚಾಕ ಅಂದ್ರು, ಒತ್ತಿದ್ಯಾ" ಎಂದ ದೇವೀಂದ್ರಪ್ಪ. "ಗೌಡ್ರು ಹೇಳಿದಂಗ ಬರದಬಿಡ್ರಿ ಗೌರಾಬಾಯಾರ. ಕುರ್ಚಿನೂ ಅವರಿಗಿರ್ಲಿ, ಹೊಲಾನೂ ಅವರಿಗಿರ್ಲಿ. ನನ್ನ ಬೆನ್ನ ನನಗುಳದ್ರ ಸಾಕು."

"ನಿನ್ನ ಬೆನ್ನ ಎಂದ ನಿಂದಿತ್ತು?" ಎಂದಳು ಮಲ್ಕಮ್ಮ, ಒಲೆಯ ಮುಂದಿನಿಂದ ಏಳದೆ. "ಮೂವತ್ತ ವರ್ಷ ಅವರ್ದ ಆಗೇದ. ಈಗರೆ ಒಂದ ಮಾತಾಡೋ. ಊರ ಮಂದಿ ಕುಡಗೋಲ ಇಟ್ಕೊಂಡು ನಿನ್ನ ಬಾಯಿ ನೋಡಾಕತ್ತಾರ. ನೀ ಬೇಡಂದ್ರ ಅವರ ಮಾರಿ ಎಲ್ಲಿಡಬೇಕು?"

ದೇವೀಂದ್ರಪ್ಪ ಕಾಗದವನ್ನು ಹತ್ತಿರಕ್ಕೆ ಎಳೆದು ತನ್ನ ಹೆಬ್ಬಟ್ಟಿನ ಗುರುತನ್ನು ನೋಡಿದ. ಆಮೇಲೆ ಕೇಳಿದ: "ಗೌಡ್ರು ಈ ಕಾಗದಾ ಸುಳ್ಳ ಅಂದ್ರ?"

ಅವನಿಗೆ ನಾನು ಕೊಟ್ಟ ಉತ್ತರವನ್ನು ತಮಗೂ ಕೊಡುತ್ತೇನೆ. ದಾನಪತ್ರ ಸುಳ್ಳೆಂದು ತಾವು ಯಾವ ಕಚೇರಿಯಲ್ಲಿ ಹೇಳಿದರೂ, ತಾವು ಎಂದೂ ಕೌಲುದಾರರಾಗಿರಲಿಲ್ಲವೆಂದು ಅದೇ ಬಾಯಿಂದ ಹೇಳಿದಂತಾಯಿತು. ಆ ಮಾತಿಗೆ ಕಾಯುತ್ತಿರುವವರು ಆ ಸಭೆಯಲ್ಲಿಯೂ ಹೊರಗೂ ಸಾಕಷ್ಟಿದ್ದಾರೆ. ದಾನಪತ್ರ ನಿಜವೆಂದರೆ ಹೊಲ ದೇವೀಂದ್ರಪ್ಪನದು. ಎರಡರಲ್ಲಿ ಒಂದನ್ನು ಹಿಡಿದು ನಿಲ್ಲಬೇಕು. ಆ ಕೆಲಸ ತಮಗೆ ಹೊಸದು, ಕಷ್ಟವಾಗುತ್ತದೆಂದು ಬಲ್ಲೆ. ಇನ್ನು ಕೌಲುದಾರನನ್ನು ಬಿಡಿಸುವ ಹಕ್ಕು ಮಾಲಕನದೇ ಎಂಬುದರಲ್ಲಿ ತಮಗೆ ಅನುಮಾನವಿರಲಾರದು. ಅದನ್ನು ಕಾಯಲೆಂದೇ ತಾವು ಕುಳಿತಿದ್ದೀರಿ.

ಇಷ್ಟನ್ನೂ ಕೇಳಿದ ಮೇಲೆ ದೇವೀಂದ್ರಪ್ಪ ಹೇಳಿದ, ನಾನು ಬರೆದೆ. ನಡುವೆ ಒಂದೇ ಸಲ ತಡೆದ. ತಮ್ಮ ಹೆಸರನ್ನಷ್ಟೇ ನಾನು ಬರೆದಿದ್ದೆ. "ಗೌಡ್ರು ಅಂತ ಬರೀರಿ. ಇಲ್ಲಂದ್ರ ನಾ ಬರಸಾಂಗಿಲ್ಲ" ಎಂದ. ತಿದ್ದಿದೆ. ಮುಗಿದ ಮೇಲೆ ಉರ್ದುವನ್ನು ಓದಿ, ಕನ್ನಡದಲ್ಲಿ ಎರಡು ಸಲ ಹೇಳಿದೆ. ಆ ಮೊದಲಿನ ದಾನಪತ್ರವನ್ನು ಯಾರೂ ಅವನಿಗೆ ಓದಿ ಹೇಳಿರಲಿಲ್ಲ. ಅದನ್ನು ಬರೆದವಳಿಗೂ ಆಗ ಅದು ಹೊಳೆದಿರಲಿಲ್ಲ. ಅವಳು ತನ್ನ ಉರ್ದುವನ್ನು ನೋಡಿಕೊಂಡು ಸುಖಪಡುತ್ತಿದ್ದಳು. ನನ್ನ ತಿರಸ್ಕಾರದಲ್ಲಿ ಒಂದು ಪಾಲನ್ನು ಅವಳಿಗೂ ಎತ್ತಿಟ್ಟಿದ್ದೇನೆ.

ಮೂಲ ಕಾಗದ ಅಫಜಲಪುರದ ಕಚೇರಿಯಲ್ಲಿ ದಾಖಲಾಗಿದೆ. ಅದರ ಕನ್ನಡ ನಕಲು ತಮಗೆ.

ಬಂಡಿಯನ್ನು ಕಳುಹಿಸುವ ತೊಂದರೆ ತೆಗೆದುಕೊಳ್ಳಬೇಡಿರಿ. ವಸತಿಗೃಹದ ಮೇಲ್ವಿಚಾರಕಿ ಗೌಸಿಯಾಬೇಗಂ ಅವರೊಂದಿಗೆ ಮಾತಾಗಿದೆ. ಸಂಜೆ ಸಣ್ಣ ಹುಡುಗಿಯರಿಗೆ ಗಣಿತ ಕಲಿಸುತ್ತೇನೆ, ಪರೀಕ್ಷೆಯ ತನಕ ನನ್ನ ಊಟ ಅವರದು. ಅವರು ಕೊಟ್ಟ ಮಾತು ವಾರವಾದರೂ ಬದಲಾಗಿಲ್ಲ. ನನಗೆ ಅದೊಂದು ಸೋಜಿಗವಾಗಿದೆ.

ಗೌರಾಬಾಯಿ


ಕರಜಗಿ
೧೩ ಫೆಬ್ರುವರಿ ೧೯೪೭

ಹೊಳೆದಂಡೆಯ ಎಂಟು ಎಕರೆಯ ಮಾಲಕ ದೇವೀಂದ್ರಪ್ಪ ತಂದೆ ಭಗವಂತ, ತನ್ನ ಕೌಲುದಾರರಾದ ದೌಲತರಾಯ ಗೌಡರಿಗೆ ಬರೆಸಿ ತಿಳಿಸುವುದೇನೆಂದರೆ:

ತಮ್ಮ ಕೌಲು ಈ ಸುಗ್ಗಿಗೆ ಮುಗಿಯಿತು. ಮುಂದಿನ ಸಾಲಿನಿಂದ ನನ್ನ ಹೊಲವನ್ನು ನಾನೇ ಉಳುತ್ತೇನೆ.

ಈ ವರ್ಷದ ಜೋಳಕ್ಕೆ ಬೀಜ ತಮ್ಮದು, ಎತ್ತು ತಮ್ಮದು, ಬಿತ್ತಿದವನು ನಾನು. ತಮ್ಮ ಪಾಲನ್ನು ನಾನು ಇಟ್ಟುಕೊಳ್ಳುವುದಿಲ್ಲ. ನಾಳೆ ಕೊಯ್ಲು ಸುರುವಾಗುತ್ತದೆ, ಊರಿನವರು ಬರುತ್ತೇವೆಂದಿದ್ದಾರೆ. ರಾಶಿಯಾದ ದಿನ ತಾವು ಕಣಕ್ಕೆ ಬಂದು ಕೌಲುದಾರನ ಪಾಲನ್ನು ಅಳೆಸಿಕೊಂಡು ಹೋಗಬೇಕು. ಬರುವಾಗ ಚೀಲಗಳನ್ನು ತಾವೇ ತರಬೇಕು, ನನ್ನಲ್ಲಿ ಇಲ್ಲ.

ಹೆಬ್ಬಟ್ಟು: ದೇವೀಂದ್ರಪ್ಪ ತಂದೆ ಭಗವಂತ

ಬರೆದವಳು: ಗೌರಾಬಾಯಿ ತಂದೆ ದೌಲತರಾಯ

ಸಾಕ್ಷಿ, ತನ್ನ ಕೈಯಾರೆ ರುಜು: ಸುಭದ್ರಾಬಾಯಿ ಗಂಡ ದೌಲತರಾಯ